ಪ್ರಶ್ನೋತ್ತರ: ಪಾಠಕ್ಕೆ ಪರದೆ ಬಂದ ಮೇಲೆ

ಕಾಲೇಜು ಪಾಠದಲ್ಲಿ ಡಿಜಿಟಲ್ ಸಾಧನಗಳ ಬಳಕೆ ಬಗ್ಗೆ ಉಪನ್ಯಾಸಕರೂ ವಿದ್ಯಾರ್ಥಿಗಳೂ ಕಳಿಸಿದ ಪ್ರಶ್ನೆಗಳಲ್ಲಿ ಎಂಟನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬಿ.ಕಾಂ. ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಹೇಳುತ್ತೇನೆ. ಐವತ್ತು ನಿಮಿಷದ ಪಾಠವನ್ನು ಹಾಗೇ ರೆಕಾರ್ಡ್ ಮಾಡಿ ಹಾಕುತ್ತಿದ್ದೇನೆ. ಒಂದೊಂದು ಫೈಲು 600 ಎಂಬಿ ಆಗುತ್ತದೆ. ಹೆಚ್ಚಿನವರು ಐದು ನಿಮಿಷ ನೋಡಿ ಬಿಟ್ಟುಬಿಡುತ್ತಾರೆ. ದನಿ ಗುಹೆಯೊಳಗಿಂದ ಬಂದಂತಿದೆ ಎಂಬ ದೂರೂ ಇದೆ. ಒಳ್ಳೆಯ ಕ್ಯಾಮೆರಾ ಕೊಳ್ಳಲೇ?
– ಒಬ್ಬ ಉಪನ್ಯಾಸಕಿ

ಉತ್ತರ: ಕ್ಯಾಮೆರಾ ಬೇಡ. ಕೊಳ್ಳುವುದೇ ಆದರೆ ಕಾಲರ್ ಮೈಕ್ ಕೊಳ್ಳಿ. ಚಿತ್ರ ಸ್ವಲ್ಪ ಮಸುಕಾದರೆ ವಿದ್ಯಾರ್ಥಿ ಸಹಿಸಿಕೊಳ್ಳುತ್ತಾನೆ, ಮಾತು ಸ್ಪಷ್ಟವಿಲ್ಲದಿದ್ದರೆ ಎದ್ದು ಹೋಗುತ್ತಾನೆ.

ಗುಹೆಯ ದನಿಗೆ ಕಾರಣ ಮೈಕ್ ದೂರವಿರುವುದು. ಬಾಯಿಗೂ ಮೈಕಿಗೂ ನಡುವಿನ ದೂರ ಎರಡರಷ್ಟಾದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಮೈಕನ್ನು ಬಾಯಿಂದ 15ರಿಂದ 20 ಸೆಂ.ಮೀ. ಒಳಗೆ ಇಡಿ. ಫ್ಯಾನ್ ನಿಲ್ಲಿಸಿ. ಪರದೆ, ಹಾಸಿಗೆ, ಪುಸ್ತಕದ ಕಪಾಟು ಇರುವ ಕೋಣೆ ಖಾಲಿ ತರಗತಿಗಿಂತ ಎಷ್ಟೋ ಮೇಲು. ರೆಕಾರ್ಡಿಂಗ್ ಮಟ್ಟದ ಶಿಖರಗಳು ಮೈನಸ್ 12 ಮತ್ತು ಮೈನಸ್ 6 ಡೆಸಿಬೆಲ್‌ಗಳ ನಡುವೆ ಆಡುವಂತೆ ಹೊಂದಿಸಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಆಮೇಲೆ ಅದನ್ನು ಸರಿಪಡಿಸಲಾಗದು. ಮಾತು ಶುರು ಮಾಡುವ ಮುನ್ನ ಹತ್ತು ಸೆಕೆಂಡು ಸುಮ್ಮನಿರಿ. ಆ ಮೌನದ ತುಣುಕನ್ನು ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ಮಾದರಿಯಾಗಿ ಕೊಟ್ಟರೆ ಹಿನ್ನೆಲೆಯ ಗುಂಯ್‌ಗುಡುವಿಕೆ ಕಡಿಮೆಯಾಗುತ್ತದೆ. ಇಳಿಕೆ 12 ಡೆಸಿಬೆಲ್ ಸಾಕು. ಅದಕ್ಕಿಂತ ಬಹಳ ಹೆಚ್ಚಿಸಿದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ.

ಇನ್ನು ಉದ್ದದ ಮಾತು. ಎಡೆಕ್ಸ್ ಎಂಬ ಆನ್‌ಲೈನ್ ಶಿಕ್ಷಣ ತಾಣದ ನಾಲ್ಕು ಕೋರ್ಸುಗಳಲ್ಲಿ ವಿದ್ಯಾರ್ಥಿಗಳು ವೀಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಫಿಲಿಪ್ ಗುವೊ ಮತ್ತು ಸಂಗಡಿಗರು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ವೀಡಿಯೊ ಎಷ್ಟೇ ಉದ್ದವಿರಲಿ, ನೋಡುವ ಅವಧಿಯ ಮಧ್ಯಾಂಕ ಆರು ನಿಮಿಷ ದಾಟಲಿಲ್ಲ. ನಿಮ್ಮವರು ಐದು ನಿಮಿಷಕ್ಕೆ ಬಿಡುವುದು ಸೋಮಾರಿತನದಿಂದಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು ನಿಮಗೆ ಉಪಯೋಗವಾದೀತು: ಸ್ಲೈಡಿನ ಮೇಲೆ ಮಾತಾಡುತ್ತ ಹೋಗುವುದಕ್ಕಿಂತ ಟ್ಯಾಬ್ಲೆಟ್ ಮೇಲೆ ಕೈಯಿಂದ ಬರೆಯುತ್ತ ಹೇಳಿದ ಪಾಠವನ್ನು ಜನ ಹೆಚ್ಚು ಹೊತ್ತು ನೋಡಿದ್ದರು.

ಆದ್ದರಿಂದ ಪಾಠವನ್ನು ಕತ್ತರಿಸುವುದಲ್ಲ, ಬೇರೆಯಾಗಿ ಕಟ್ಟಿ. ಒಂದು ವೀಡಿಯೊಗೆ ಒಂದೇ ಪರಿಕಲ್ಪನೆ. ಬೆಲೆ ಬದಲಾದಾಗ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆಂದು ಹೇಳುವ ಬೇಡಿಕೆಯ ಸ್ಥಿತಿಸ್ಥಾಪಕತ್ವವಾದರೆ ಅರ್ಥ ಒಂದು, ಲೆಕ್ಕ ಇನ್ನೊಂದು, ರೇಖಾಚಿತ್ರ ಮತ್ತೊಂದು, ಒಂದೊಂದೂ ಆರರಿಂದ ಎಂಟು ನಿಮಿಷ. ಕೊನೆಯಲ್ಲಿ ಒಂದು ಪ್ರಶ್ನೆ ಬಿಡಿ: ಬೆಲೆ ಶೇ. 10 ಏರಿದಾಗ ಕೊಳ್ಳುವ ಪ್ರಮಾಣ ಶೇ. 5 ಇಳಿದರೆ ಮಾರುವವನ ಒಟ್ಟು ಆದಾಯ ಏರುತ್ತದೋ ಇಳಿಯುತ್ತದೋ? (1.10 × 0.95 = 1.045, ಏರುತ್ತದೆ.) ಉತ್ತರ ಮುಂದಿನ ವೀಡಿಯೊದ ಮೊದಲ ಮಾತಾಗಲಿ.

ಫೈಲಿನ ಗಾತ್ರಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಸಾಕು. ಅಳತೆ 1280 × 720, ಸೆಕೆಂಡಿಗೆ 10 ಚೌಕಟ್ಟು (ಫ್ರೇಮ್), ಚಿತ್ರಕ್ಕೆ ಸರಾಸರಿ 250 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್), ದನಿಗೆ ಮೋನೊ 48 ಕೆಬಿಪಿಎಸ್ ಕೊಡಿ. ಎಂಟು ನಿಮಿಷದ ವೀಡಿಯೊ ಸುಮಾರು 18 ಎಂಬಿ ಆಗುತ್ತದೆ. ಬರಹ, ರೇಖಾಚಿತ್ರಗಳಿಗೆ ಇಷ್ಟು ಧಾರಾಳ. ಕೈ ಆಡಿಸಿ ತೋರಿಸುವ ಪ್ರಯೋಗಕ್ಕೆ ಸಾಲದು. ಚೌಕಟ್ಟಿನ ದರ ‘ಸ್ಥಿರ’ ಎಂದೇ ಇರಲಿ. ಫೋನು ಬದಲಾಗುವ ದರದಲ್ಲಿ ಚಿತ್ರೀಕರಿಸುತ್ತದೆ, ಅದನ್ನು ಹಾಗೇ ಸಂಕಲನಕ್ಕೆ ಹಾಕಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ ಜಾರುತ್ತ ಹೋಗುತ್ತದೆ. ಓಬಿಎಸ್ ಎಂಬ ಪರದೆ ರೆಕಾರ್ಡ್ ಮಾಡುವ ತಂತ್ರಾಂಶ ಬಳಸುವವರು ಫೈಲಿಗೆ ಎಂಕೆವಿ ರೂಪ ಆರಿಸಿಕೊಳ್ಳಿ. ನಡುವೆ ಕರೆಂಟ್ ಹೋದರೆ ಸಾಮಾನ್ಯ ಎಂಪಿ4 ಫೈಲು ತೆರೆಯುವುದೇ ಇಲ್ಲ, ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಮುಗಿದ ಮೇಲೆ ಓಬಿಎಸ್ ಒಳಗೇ ಎಂಪಿ4ಗೆ ಬದಲಿಸಬಹುದು.

ಜೊತೆಗೆ ದನಿಯನ್ನಷ್ಟೇ ಬೇರೆ ಫೈಲಾಗಿ ಹಾಕಿ. ಎಂಟು ನಿಮಿಷಕ್ಕೆ 3 ಎಂಬಿಗಿಂತ ಕಡಿಮೆ. ತರಗತಿಯಲ್ಲಿ ಅತಿ ಹಳೆಯ ಫೋನು, ಅತಿ ನಿಧಾನದ ನೆಟ್ ಇರುವ ವಿದ್ಯಾರ್ಥಿ ಯಾರೋ, ನಿಮ್ಮ ಅಳತೆಗೋಲು ಅವರೇ.

ಪ್ರಶ್ನೆ: ತರಗತಿಯಲ್ಲಿ ಮೊಬೈಲ್ ಮೂಲಕ ಬಹು ಆಯ್ಕೆಯ ಪ್ರಶ್ನೆ ಹಾಕಿ ಮತ ಪಡೆಯುತ್ತೇನೆ. ಮೊದಲು ನಾಲ್ಕೈದು ಜಾಣರು ಒತ್ತುತ್ತಾರೆ, ಉಳಿದವರೆಲ್ಲ ಅದನ್ನೇ ಒತ್ತುತ್ತಾರೆ. ಶೇ. 90 ಸರಿ ಎಂದು ತೋರಿಸುತ್ತದೆ, ಪರೀಕ್ಷೆಯಲ್ಲಿ ಅರ್ಧ ಜನ ಅದೇ ಪ್ರಶ್ನೆ ತಪ್ಪುತ್ತಾರೆ.
– ಭೌತಶಾಸ್ತ್ರ ಉಪನ್ಯಾಸಕ

ಉತ್ತರ: ಫಲಿತಾಂಶದ ಕಂಬಗಳು ಪರದೆಯ ಮೇಲೆ ಕಾಣುತ್ತಿರುವಾಗಲೇ ಮತ ನಡೆಯುತ್ತಿದೆ. ಎತ್ತರದ ಕಂಬದ ಕಡೆ ಕೈ ಹೋಗುವುದು ಸಹಜ. ಮೊದಲು ಫಲಿತಾಂಶ ಮರೆಮಾಡುವ ಆಯ್ಕೆ ಒತ್ತಿ.

ಆಮೇಲೆ, ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಭೌತಶಾಸ್ತ್ರ ತರಗತಿಯಲ್ಲಿ ಬೆಳೆಸಿದ ಕ್ರಮ ಅನುಸರಿಸಿ. ಪ್ರಶ್ನೆ ಹಾಕಿ, ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಲಿ. ಎಲ್ಲರೂ ಉತ್ತರ ಒತ್ತಲಿ. ಎಣಿಕೆ ನಿಮಗೆ ಮಾತ್ರ ಕಾಣಲಿ. ಸರಿಯುತ್ತರ ಶೇ. 30ಕ್ಕಿಂತ ಕಡಿಮೆ ಇದ್ದರೆ ಚರ್ಚೆಯಿಂದ ಪ್ರಯೋಜನವಿಲ್ಲ, ವಿಷಯವನ್ನು ಇನ್ನೊಂದು ದಾರಿಯಿಂದ ಮತ್ತೆ ಹೇಳಿ. ಶೇ. 70 ದಾಟಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಿ. ನಡುವೆ ಇದ್ದರೆ ಅದೇ ಹದ: ‘ಬೇರೆ ಉತ್ತರ ಕೊಟ್ಟವರನ್ನು ಹುಡುಕಿ, ಒಪ್ಪಿಸಿ’ ಎಂದು ಎರಡು ಮೂರು ನಿಮಿಷ ಬಿಡಿ. ಮತ್ತೆ ಮತ ಪಡೆಯಿರಿ. ಕಂಬಗಳನ್ನು ತೋರಿಸುವುದು ಆಮೇಲೆ.

ಪ್ರಶ್ನೆಯೂ ಅದಕ್ಕೆ ತಕ್ಕಂತಿರಬೇಕು. ಸೂತ್ರದಲ್ಲಿ ಅಂಕಿ ತುಂಬುವ ಪ್ರಶ್ನೆಯಿಂದ ಚರ್ಚೆ ಹುಟ್ಟುವುದಿಲ್ಲ. ‘ನೇರ ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿರುವ ಕ್ಷಣದಲ್ಲಿ ಅದರ ವೇಗೋತ್ಕರ್ಷ ಎಷ್ಟು?’ ಎಂದು ಕೇಳಿ ನೋಡಿ. ವೇಗ ಸೊನ್ನೆಯಾದ್ದರಿಂದ ವೇಗೋತ್ಕರ್ಷವೂ ಸೊನ್ನೆ ಎನ್ನುವವರು ಬಹಳ. ಅಲ್ಲಿಯೂ ಅದು ಕೆಳಮುಖವಾಗಿ 9.8 ಮೀ/ಸೆ² ಇದೆ ಎಂಬುದನ್ನು ಪಕ್ಕದವರು ವಾದಿಸಿ ಒಪ್ಪಿಸಿದಾಗ ನಿಲ್ಲುವಷ್ಟು ಗಟ್ಟಿಯಾಗಿ ನಮ್ಮ ಹೇಳಿಕೆಯಿಂದ ನಿಲ್ಲುವುದಿಲ್ಲ. ತಪ್ಪು ಆಯ್ಕೆಗಳನ್ನು ಕಲ್ಪಿಸಿಕೊಂಡು ಬರೆಯಬೇಡಿ. ಹಳೆಯ ಉತ್ತರಪತ್ರಿಕೆಗಳಲ್ಲಿ ವಿದ್ಯಾರ್ಥಿಗಳು ನಿಜಕ್ಕೂ ಮಾಡಿದ ತಪ್ಪುಗಳನ್ನೇ ಎತ್ತಿಕೊಳ್ಳಿ.

ಅರವತ್ತು ಫೋನು ಒಂದೇ ವೈಫೈಗೆ ಒಮ್ಮೆಗೇ ಬಿದ್ದರೆ ಮನೆಬಳಕೆಯ ರೌಟರ್ ತಡೆಯುವುದಿಲ್ಲ. ಫೋನು ಇಲ್ಲದವರೂ ಇರುತ್ತಾರೆ. ಆಗ ಎ, ಬಿ, ಸಿ, ಡಿ ಎಂದು ನಾಲ್ಕು ಬಣ್ಣದ ರಟ್ಟು ಕೊಟ್ಟು, ಎಲ್ಲರೂ ಎದೆಗೆ ಒತ್ತಿಕೊಂಡು ಒಂದೇ ಸಲ ಎತ್ತಿ ತೋರಿಸುವಂತೆ ಹೇಳಿ. ಪ್ಲಿಕರ್ಸ್ ಎಂಬ ತಂತ್ರಾಂಶದಲ್ಲಿ ವಿದ್ಯಾರ್ಥಿಗಳ ಕೈಯಲ್ಲಿ ಮುದ್ರಿತ ಕಾಗದ ಮಾತ್ರ, ಫೋನು ನಿಮ್ಮೊಬ್ಬರದೇ. ಕಾಗದ ತಿರುಗಿಸಿ ಹಿಡಿದ ದಿಕ್ಕೇ ಉತ್ತರ, ಕ್ಯಾಮೆರಾ ಅದನ್ನು ಓದಿಕೊಳ್ಳುತ್ತದೆ.

ಪ್ರಶ್ನೆ: ಹತ್ತು ವರ್ಷದಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಇತಿಹಾಸದ ನೋಟ್ಸ್ ಇದೆ. ವಿದ್ಯಾರ್ಥಿಗಳ ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕೇ?
– ಇತಿಹಾಸ ಉಪನ್ಯಾಸಕ

ಉತ್ತರ: ಬೇಕಿಲ್ಲ. ಹಳೆಯ ಫಾಂಟುಗಳಲ್ಲಿ ಫೈಲಿನೊಳಗೆ ಇರುವುದು ನಿಜವಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವಕ್ಕೆ ಕನ್ನಡದ ಆಕಾರ ತೊಡಿಸುವುದು ಫಾಂಟ್. ಆ ಫಾಂಟ್ ಇಲ್ಲದ ಫೋನಿನಲ್ಲಿ ತೊಡುಗೆ ಕಳಚಿ ಒಳಗಿನದು ಕಾಣುತ್ತದೆ. ಎಲ್ಲ ಲಿಪಿಗಳಿಗೂ ಬಳಸುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ತನ್ನದೇ ಖಾನೆ ಇರುವುದರಿಂದ ಈ ತೊಂದರೆ ಇಲ್ಲ.

ಮೂಲ ಫೈಲಿನ ಪ್ರತಿಯೊಂದನ್ನು ತೆಗೆದಿಟ್ಟು, ಪರಿವರ್ತಕ ತಂತ್ರಾಂಶದಲ್ಲಿ ಕನ್ನಡದ ಪ್ಯಾರಾಗಳನ್ನು ಮಾತ್ರ ಹಾಕಿ. ನಡುವೆ ಇಂಗ್ಲಿಷ್ ಹೆಸರು, ಉಲ್ಲೇಖ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಹೆಚ್ಚಿನ ಹಾಳು ಆಗುವುದು ಅಲ್ಲೇ. ಆಮೇಲೆ ಕಣ್ಣಿಟ್ಟು ನೋಡಬೇಕಾದದ್ದು ಅರ್ಕಾವತ್ತು, ಒತ್ತಕ್ಷರ, ಮತ್ತು ಇಸವಿಗಳು. ಇತಿಹಾಸದ ನೋಟ್ಸಿನಲ್ಲಿ ಒಂದು ಅಂಕಿ ಕೆಟ್ಟರೆ ವಾಕ್ಯ ಸರಿಯಾಗಿಯೇ ಕಾಣುತ್ತ ಸುಳ್ಳು ಹೇಳುತ್ತದೆ. ಕೊನೆಗೆ ನೋಟೊ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿ. ಕೈಗೆ ರೂಢಿಯಾದ ಕೀಲಿಮಣೆ ವಿನ್ಯಾಸ ಬಿಡಬೇಕಿಲ್ಲ. ಅದೇ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಬಹುದು.

ಹಳೆಯ ಫೈಲನ್ನು ಹಾಗೇ ಪಿಡಿಎಫ್ ಮಾಡಿ ಹಾಕಿದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ, ನಿಜ. ಆದರೆ ಅದರಲ್ಲಿ ಪದ ಹುಡುಕಲು ಬರುವುದಿಲ್ಲ, ಓದಿ ಹೇಳುವ ತಂತ್ರಾಂಶವೂ ಓದುವುದಿಲ್ಲ. ಪರೀಕ್ಷೆಯ ವಾರಕ್ಕೆ ಅದು ತಾತ್ಕಾಲಿಕ ದಾರಿ, ಅಷ್ಟೇ.

ಪ್ರಶ್ನೆ: ಆನ್‌ಲೈನ್ ಕಿರುಪರೀಕ್ಷೆ ಇಟ್ಟರೆ 120 ಜನ ಒಂದೇ ಹೊತ್ತಿಗೆ ಲಾಗಿನ್ ಆಗಿ ಸರ್ವರ್ ನಿಲ್ಲುತ್ತದೆ. ನಡೆದರೂ ಉತ್ತರಗಳು ಗುಂಪಿನಲ್ಲಿ ಹರಿದಾಡುತ್ತವೆ. ನಾವು ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಂತ್ರಾಂಶ ಬಳಸುತ್ತೇವೆ.
– ವಿಭಾಗದ ಮುಖ್ಯಸ್ಥರು

ಉತ್ತರ: ಎರಡೂ ತೊಂದರೆಗೆ ಬೇರು ಒಂದೇ: ಎಲ್ಲರಿಗೂ ಒಂದೇ ಹೊತ್ತು, ಒಂದೇ ಪ್ರಶ್ನೆಪತ್ರಿಕೆ.

ಮೊದಲು ಪ್ರಶ್ನೆಕೋಶ ಕಟ್ಟಿ. ಹತ್ತು ಪ್ರಶ್ನೆಯ ಪರೀಕ್ಷೆಗೆ ನಲವತ್ತು ಪ್ರಶ್ನೆ ಬೇಕು. ಐದು ಉಪವಿಷಯ ಮಾಡಿ, ಒಂದೊಂದರಲ್ಲಿ ಸಮಾನ ಕಷ್ಟದ ಎಂಟು ಪ್ರಶ್ನೆ ಹಾಕಿ, ಪ್ರತಿಯೊಂದರಿಂದ ಎರಡೆರಡು ಯಾದೃಚ್ಛಿಕವಾಗಿ ಬರುವಂತೆ ಹೊಂದಿಸಿ. ಆಗ ಯಾವುದೇ ಇಬ್ಬರ ಪತ್ರಿಕೆಯಲ್ಲಿ ಸರಾಸರಿ ಎರಡೂವರೆ ಪ್ರಶ್ನೆ ಮಾತ್ರ ಒಂದೇ ಆಗಿರುತ್ತದೆ. ಉಪವಿಷಯ ಮಾಡದೆ ನಲವತ್ತನ್ನೂ ಒಂದೇ ರಾಶಿಯಿಂದ ಎತ್ತಿದರೂ ಈ ಸರಾಸರಿ ಅಷ್ಟೇ. ಆದರೆ ಒಬ್ಬರಿಗೆ ಸುಲಭದವೆಲ್ಲ, ಇನ್ನೊಬ್ಬರಿಗೆ ಕಷ್ಟದವೆಲ್ಲ ಬರಬಹುದು, ಅದು ಅನ್ಯಾಯ. ಲೆಕ್ಕದ ವಿಷಯವಾದರೆ ‘ಕ್ಯಾಲ್ಕುಲೇಟೆಡ್’ ಬಗೆಯ ಪ್ರಶ್ನೆ ಬಳಸಿ. ಅಂಕಿಗಳು ಒಬ್ಬೊಬ್ಬರಿಗೆ ಒಂದೊಂದು ಬರುತ್ತವೆ.

ಹೊತ್ತು: ಬಾಗಿಲು 24 ಗಂಟೆ ತೆರೆದಿರಲಿ, ಒಳಹೊಕ್ಕವರಿಗೆ 20 ನಿಮಿಷ. ಸರ್ವರ್ ಮೇಲಿನ ಭಾರ ಹಂಚಿಹೋಗುತ್ತದೆ. ಬಾಗಿಲು ಮುಚ್ಚುವ ಹೊತ್ತು ನಡುರಾತ್ರಿ ಬೇಡ. ಕೊನೆಯ ಗಂಟೆಯಲ್ಲಿ ನೂಕುನುಗ್ಗಲು ಇದ್ದೇ ಇರುತ್ತದೆ, ತೊಂದರೆಯಾದರೆ ಫೋನು ಎತ್ತಲು ಯಾರಾದರೂ ಎಚ್ಚರವಿರುವ ಹೊತ್ತಾಗಿರಲಿ. ಸಮಯ ಮುಗಿದಾಗ ಉತ್ತರಗಳು ತಾವಾಗಿಯೇ ಸಲ್ಲಿಕೆಯಾಗುವ ಆಯ್ಕೆ ಇರಲಿ. ಸರಿಯುತ್ತರ, ವಿವರಣೆ ಕಾಣುವುದು ಪರೀಕ್ಷೆ ಪೂರ್ತಿ ಮುಚ್ಚಿದ ಮೇಲೆಯೇ ಆಗಬೇಕು. ‘ರಿವ್ಯೂ’ ಆಯ್ಕೆಗಳ ಪುಟದಲ್ಲಿ ‘ಪ್ರಯತ್ನ ಮುಗಿದ ಕೂಡಲೇ’ ಎಂಬ ಅಂಕಣದ ಗುರುತುಗಳನ್ನು ತೆಗೆಯಲು ಮರೆತರೆ ಮೊದಲು ಬರೆದವರ ಸ್ಕ್ರೀನ್‌ಶಾಟ್ ಎಲ್ಲರ ಕೈಸೇರುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವ ಒಂದು ಪದದ ಉತ್ತರಗಳನ್ನು ಗಣಕದ ಮೌಲ್ಯಮಾಪನಕ್ಕೆ ಬಿಡಬೇಡಿ. ಕಾಗುಣಿತದ ಸಣ್ಣ ವ್ಯತ್ಯಾಸ, ಕಣ್ಣಿಗೆ ಕಾಣದ ಜೋಡಣೆಯ ಸಂಕೇತ, ಕನ್ನಡ ಅಂಕಿಗೆ ಬದಲು 0–9, ಇಷ್ಟಕ್ಕೇ ಸರಿಯುತ್ತರ ತಪ್ಪಾಗುತ್ತದೆ. ಹೊಂದಿಸಿ ಬರೆಯುವ ಅಥವಾ ಅನುಕ್ರಮವಾಗಿ ಜೋಡಿಸುವ ಪ್ರಶ್ನೆ ಕೊಡಿ.

ಮುಗಿದ ಮೇಲೆ ಮೂಡಲ್ ಕೊಡುವ ಅಂಕಿಅಂಶದ ಪುಟ ನೋಡದೆ ಅಂಕ ಪ್ರಕಟಿಸಬೇಡಿ. ಅದರಲ್ಲಿ ‘ಫೆಸಿಲಿಟಿ’ ಸೂಚ್ಯಂಕ ಎಂದರೆ ಪ್ರಶ್ನೆಗೆ ಸಿಕ್ಕ ಸರಾಸರಿ ಅಂಕದ ಶೇಕಡಾವಾರು. ಅದು ಶೇ. 20ಕ್ಕಿಂತ ಕೆಳಗಿದ್ದರೆ ಪ್ರಶ್ನೆಯ ಭಾಷೆ ತೊಡಕಿನದೋ, ಪಾಠವೇ ತಲುಪಿಲ್ಲವೋ ನೋಡಿ. ‘ಡಿಸ್ಕ್ರಿಮಿನೇಶನ್’ ಸೂಚ್ಯಂಕ ಸೊನ್ನೆಗಿಂತ ಕೆಳಗಿದೆ ಎಂದರೆ ಒಟ್ಟಾರೆ ಚೆನ್ನಾಗಿ ಬರೆದವರೇ ಆ ಪ್ರಶ್ನೆ ತಪ್ಪಿದ್ದಾರೆ. ಮೊದಲು ಅನುಮಾನಿಸಬೇಕಾದದ್ದು ನೀವು ಗುರುತು ಹಾಕಿದ ಸರಿಯುತ್ತರವನ್ನು.

ನಕಲು ಪೂರ್ತಿ ನಿಲ್ಲುವುದಿಲ್ಲ. ವಾರಕ್ಕೊಂದು ಪರೀಕ್ಷೆ, ಒಂದಕ್ಕೆ ಒಂದೋ ಎರಡೋ ಅಂಕ, ಎರಡು ಪ್ರಯತ್ನಕ್ಕೆ ಅವಕಾಶ ಎಂದಾದರೆ ನಕಲು ಮಾಡುವ ಒತ್ತಡವೇ ಕಡಿಮೆ. ದೊಡ್ಡ ಅಂಕದ ಪರೀಕ್ಷೆ ಕೊಠಡಿಯಲ್ಲೇ ನಡೆಯಲಿ. ಕ್ಯಾಮೆರಾ ಹಾಕಿ ಮನೆಯೊಳಗಿನ ವಿದ್ಯಾರ್ಥಿಯನ್ನು ಕಾಯುವ ತಂತ್ರಾಂಶಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಚಿಕ್ಕ ಮನೆ, ಗದ್ದಲ, ಕಡಿಮೆ ಬೆಳಕು ಇರುವವರೇ ಅಲ್ಲಿ ಅನುಮಾನಕ್ಕೆ ಒಳಗಾಗುತ್ತಾರೆ.

ಪ್ರಶ್ನೆ: ಸರ್, ಪಾಠದ ವೀಡಿಯೊಗಳನ್ನು ಎರಡು ಮೂರು ಸಲ ನೋಡುತ್ತೇನೆ, ಪಿಡಿಎಫ್‌ನಲ್ಲಿ ಮುಖ್ಯ ಸಾಲಿಗೆಲ್ಲ ಹಳದಿ ಬಣ್ಣ ಬಳಿಯುತ್ತೇನೆ. ಆಗ ಎಲ್ಲ ಅರ್ಥವಾದಂತಿರುತ್ತದೆ. ಪರೀಕ್ಷೆಯಲ್ಲಿ ಕೂತರೆ ನೆನಪಿಗೆ ಬರುವುದಿಲ್ಲ.
– ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ

ಉತ್ತರ: ಪರಿಚಿತವಾಗಿ ಕಾಣುವುದು ಬೇರೆ, ನೆನಪಿನಿಂದ ತೆಗೆಯುವುದು ಬೇರೆ. ನೀವು ಮೊದಲನೆಯದನ್ನೇ ಅಭ್ಯಾಸ ಮಾಡುತ್ತಿದ್ದೀರಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಠ್ಯವನ್ನು ಎರಡು ಸಲ ಓದಿತು. ಇನ್ನೊಂದು ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದವರೇ ಮುಂದೆ: ಅವರಿಗೆ ಶೇ. 81, ಬರೆದವರಿಗೆ ಶೇ. 75. ಒಂದು ವಾರದ ಬಳಿಕ ತಿರುವುಮುರುವು: ಬರೆದವರಿಗೆ ಶೇ. 56, ಓದಿದವರಿಗೆ ಶೇ. 42. ಓದಿದ ಸಂಜೆ ‘ಎಲ್ಲ ಬಂತು’ ಎನಿಸುವುದು ಏಕೆ ಮೋಸ ಮಾಡುತ್ತದೆ ಎಂಬುದು ಇದರಲ್ಲೇ ಇದೆ.

ವೀಡಿಯೊ ಒಂದೇ ಸಲ ನೋಡಿ. ಮುಚ್ಚಿ. ಖಾಲಿ ಹಾಳೆಯಲ್ಲಿ ಐದು ನಿಮಿಷ ನೆನಪಾದದ್ದನ್ನೆಲ್ಲ ಬರೆಯಿರಿ: ಸೂತ್ರ, ಚಿತ್ರ, ಕಾರಣ. ಆಮೇಲೆ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮರುದಿನ, ಮೂರನೇ ದಿನ, ಏಳನೇ ದಿನ ಮತ್ತೆ ಖಾಲಿ ಹಾಳೆ. ಕೆಂಪು ಕಡಿಮೆಯಾಗುತ್ತ ಬರಬೇಕು. ಸೂತ್ರ, ವ್ಯಾಖ್ಯೆಗಳಿಗೆ ಆಂಕಿ ಎಂಬ ತಂತ್ರಾಂಶವಿದೆ, ಯಾವ ಚೀಟಿ ಯಾವ ದಿನ ಕೇಳಬೇಕೆಂಬುದನ್ನು ಅದೇ ನೋಡಿಕೊಳ್ಳುತ್ತದೆ. ಒಂದು ಚೀಟಿಗೆ ಒಂದೇ ಸಂಗತಿ, ದಿನಕ್ಕೆ ಹೊಸ ಚೀಟಿ ಹತ್ತು ಹದಿನೈದು ದಾಟದಿರಲಿ. ಮೊದಲ ದಿನವೇ ಎಂಬತ್ತು ಸೇರಿಸಿದರೆ ವಾರದೊಳಗೆ ಮರುಪ್ರಶ್ನೆಗಳ ರಾಶಿ ಬಿದ್ದು ಬಿಟ್ಟುಬಿಡುತ್ತೀರಿ. ಚೀಟಿ ನೀವೇ ಬರೆಯಬೇಕು, ಬೇರೆಯವರದನ್ನು ಇಳಿಸಿಕೊಂಡರೆ ಅರ್ಧ ಲಾಭ ಹೋಯಿತು.

ಪ್ರಶ್ನೆ: ತರಗತಿಯಲ್ಲಿ ಲ್ಯಾಪ್‌ಟಾಪ್ ಬಿಡಬೇಕೇ, ಬೇಡವೇ?

ಉತ್ತರ: ಕೆಲಸವಿದ್ದಾಗ ತೆರೆಸಿ, ಮುಗಿದಾಗ ಮುಚ್ಚಿಸಿ. ನೋಟ್ಸಿಗೆ ಅದೇ ಬೇಕು ಎನ್ನುವವರು ಹಿಂದಿನ ಸಾಲಿನಲ್ಲಿ ಕೂರಲಿ. ಸನಾ, ವೆಸ್ಟನ್, ಸೆಪೆಡಾ ಎಂಬವರ 2013ರ ಅಧ್ಯಯನದಲ್ಲಿ, ಮುಂದೆ ಕೂತವರು ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ಕೆಲಸ ಮಾಡುತ್ತಿದ್ದುದು ಕಣ್ಣಿಗೆ ಬೀಳುತ್ತಿದ್ದವರ ಅಂಕ ಶೇ. 17 ಕಡಿಮೆ ಬಂದಿತ್ತು. ತೆರೆದವರಿಗಿಂತ ಪಕ್ಕದವರ ರಕ್ಷಣೆ ಮುಖ್ಯ.

ಪ್ರಶ್ನೆ: ಮನೆಗೆಲಸವಾಗಿ ಕೊಟ್ಟ ಪ್ರಬಂಧಗಳನ್ನು ಹೆಚ್ಚಿನವರು ಎಐ ಬಳಿ ಬರೆಸಿ ತರುತ್ತಾರೆ. ಪತ್ತೆ ಮಾಡುವ ತಂತ್ರಾಂಶ ಯಾವುದು ಒಳ್ಳೆಯದು?
– ಇಂಗ್ಲಿಷ್ ಉಪನ್ಯಾಸಕಿ

ಉತ್ತರ: ಶಿಕ್ಷೆ ಕೊಡುವಷ್ಟು ನಂಬಬಹುದಾದದ್ದು ಯಾವುದೂ ಇಲ್ಲ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆ ತಾನೇ ಹೊರತಂದ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಬಂದ ಒಂದು ಅಧ್ಯಯನದಲ್ಲಿ, ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಕೈಯಾರೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟಾಗ, ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರ ಬರೆದದ್ದೆಂದು ತೀರ್ಪು ಕೊಟ್ಟವು. ಸರಳ ಪದ, ಊಹಿಸಬಹುದಾದ ವಾಕ್ಯ ಬರೆಯುವುದೇ ಅಲ್ಲಿ ಅಪರಾಧವಾಯಿತು. ಇಂಗ್ಲಿಷನ್ನು ಕಷ್ಟಪಟ್ಟು ಕಲಿಯುತ್ತಿರುವ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಏಟು ಬೇರೆ ಇಲ್ಲ.

ಬದಲಿಸಬೇಕಾದದ್ದು ಕೆಲಸದ ಸ್ವರೂಪ. ವಿಷಯ ಆರಿಸಿ ಮೊದಲ ಅರ್ಧ ಪುಟವನ್ನು ತರಗತಿಯಲ್ಲೇ ಕೈಯಲ್ಲಿ ಬರೆಸಿ, ನಿಮ್ಮ ಬಳಿ ಇಟ್ಟುಕೊಳ್ಳಿ. ಪೂರ್ತಿ ಪ್ರಬಂಧವನ್ನು ಹಂಚಿಕೊಳ್ಳುವ ದಾಖಲೆಯಲ್ಲಿ ಬರೆಯಲಿ, ಬದಲಾವಣೆಯ ಇತಿಹಾಸ ಅಲ್ಲಿ ಉಳಿಯುತ್ತದೆ: ಎರಡು ಸಾವಿರ ಪದ ಒಂದೇ ಸಲ ಅಂಟಿಸಿದ್ದು ಕಾಣುತ್ತದೆ, ಅಲ್ಪಸ್ವಲ್ಪ ತಿದ್ದುತ್ತ ಬಂದದ್ದೂ ಕಾಣುತ್ತದೆ. ಅಂಟಿಸಿದ್ದೇ ಸಾಕ್ಷ್ಯವೆಂದುಕೊಳ್ಳಬೇಡಿ, ಬೇರೆಡೆ ಬರೆದು ತಂದಿರಬಹುದು, ಕೇಳಿ. ಸಲ್ಲಿಸಿದ ಮೇಲೆ ಒಬ್ಬೊಬ್ಬರನ್ನು ಮೂರು ನಿಮಿಷ ಕೂರಿಸಿ, ‘ಈ ಪ್ಯಾರಾವನ್ನು ಇಲ್ಲಿ ಏಕೆ ಇಟ್ಟಿರಿ? ಇದನ್ನು ತೆಗೆದರೆ ಏನು ಕೆಡುತ್ತದೆ?’ ಎಂದು ಕೇಳಿ. ಅರವತ್ತು ಜನರಿಗೆ ಮೂರು ಗಂಟೆ ಬೇಕು, ಹಗುರದ ಮಾತಲ್ಲ. ಹಾಗಾಗಿ ವರ್ಷಕ್ಕೆ ಐದು ಪ್ರಬಂಧ ಕೊಡುವ ಬದಲು ಎರಡೇ ಕೊಡಿ.

ಎಐಯನ್ನೇ ಪಾಠವಾಗಿಸುವ ದಾರಿಯೂ ಇದೆ. ಅದು ಬರೆದ ಒಂದು ಪುಟ ಎಲ್ಲರಿಗೂ ಕೊಟ್ಟು, ತಪ್ಪು ಮಾಹಿತಿ, ಇಲ್ಲದ ಉಲ್ಲೇಖ, ಆಧಾರವಿಲ್ಲದ ಮಾತು ಹುಡುಕಿ ಪುರಾವೆ ಸಹಿತ ತಿದ್ದುವಂತೆ ಹೇಳಿ. ಪಠ್ಯ ಓದದವರಿಗೆ ಇದು ಸಾಧ್ಯವಿಲ್ಲ.

ಪ್ರಶ್ನೆ: ಮುಂದಿನ ಸೆಮಿಸ್ಟರಿಗೆ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬರು ನನ್ನ ಸಂಖ್ಯಾಶಾಸ್ತ್ರ ತರಗತಿಗೆ ಬರುತ್ತಿದ್ದಾರೆ. ನನ್ನ ಸ್ಲೈಡುಗಳು, ಸ್ಕ್ಯಾನ್ ಮಾಡಿದ ನೋಟ್ಸ್ ಅವರಿಗೆ ಓದಲು ಸಿಗುವಂತೆ ಮಾಡುವುದು ಹೇಗೆ?
– ಉಪನ್ಯಾಸಕ

ಉತ್ತರ: ಸೆಮಿಸ್ಟರಿಗೆ ಮುನ್ನವೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಮೊದಲು ಅವರನ್ನೇ ಕೇಳಿ: ಪರದೆಯ ಬರಹ ಓದಿ ಹೇಳುವ ಯಾವ ತಂತ್ರಾಂಶ (ಸ್ಕ್ರೀನ್ ರೀಡರ್) ಬಳಸುತ್ತಾರೆ, ಫೋನಿನಲ್ಲೋ ಗಣಕದಲ್ಲೋ, ಬ್ರೈಲ್ ಓದುತ್ತಾರೋ?

ಸ್ಕ್ಯಾನ್ ಮಾಡಿದ ಪುಟ ಬರಿಯ ಚಿತ್ರ. ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಹಾಳೆ. ಅಕ್ಷರ ಗುರುತಿಸುವ ತಂತ್ರಾಂಶಗಳಿಗೆ, ಉಚಿತವಾದ ಟೆಸರಾಕ್ಟ್‌ಗೂ, ಕನ್ನಡ ಬರುತ್ತದೆ. ಮುದ್ರಿತ ಪುಟವನ್ನು 300 ಡಿಪಿಐ (ಇಂಚಿಗೆ 300 ಚುಕ್ಕಿ) ಸ್ಪಷ್ಟತೆಯಲ್ಲಿ ನೇರವಾಗಿ ಸ್ಕ್ಯಾನ್ ಮಾಡಿ ಕೊಡಿ. ಒತ್ತಕ್ಷರಗಳಲ್ಲಿ ತಪ್ಪು ಉಳಿಯುತ್ತದೆ, ಓದಿ ತಿದ್ದಬೇಕು. ಕೈಬರಹವನ್ನು ಅದರಿಂದ ತೆಗೆಯಲು ಹೋಗಬೇಡಿ, ಟೈಪ್ ಮಾಡಿಸಿ.

ವರ್ಡ್ ಫೈಲಿನಲ್ಲಿ ತಲೆಬರಹವನ್ನು ಅಕ್ಷರ ದಪ್ಪ ಮಾಡಿ ತೋರಿಸದೆ ‘ಹೆಡಿಂಗ್’ ಶೈಲಿ ಕೊಡಿ, ಆಗ ಅವರು ಒಂದು ಕೀಲಿಯಿಂದ ತಲೆಬರಹಕ್ಕೆ ತಲೆಬರಹ ನೆಗೆಯಬಹುದು. ಸೂತ್ರಗಳನ್ನು ಚಿತ್ರವಾಗಿ ಅಂಟಿಸಬೇಡಿ, ಸಮೀಕರಣ ಬರೆಯುವ ಸೌಲಭ್ಯದಲ್ಲೇ ಟೈಪ್ ಮಾಡಿ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಸೂಕ್ತ ಸೇರ್ಪಡೆಯೊಂದಿಗೆ ಸಮೀಕರಣವನ್ನೂ ಓದುತ್ತದೆ. ಕೋಷ್ಟಕದಲ್ಲಿ ಮೊದಲ ಸಾಲನ್ನು ಶೀರ್ಷಿಕೆ ಸಾಲೆಂದು ಗುರುತಿಸಿ, ಕೋಶಗಳನ್ನು ಒಂದಕ್ಕೊಂದು ಬೆಸೆಯಬೇಡಿ. ಬೆಸೆದರೆ ಯಾವ ಅಂಕಿ ಯಾವ ಕಂಬದ್ದು ಎಂಬುದೇ ತಪ್ಪಿಹೋಗುತ್ತದೆ.

ರೇಖಾಚಿತ್ರಕ್ಕೆ ವಿವರಣೆ ಬರೆಯುವಾಗ ‘ಸ್ತಂಭಾಲೇಖ’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ಅಡ್ಡ ಅಕ್ಷದಲ್ಲಿ ಏನು, ನಿಂತ ಅಕ್ಷದಲ್ಲಿ ಏನು, ಎತ್ತರದ ಸ್ತಂಭ ಯಾವ ವರ್ಗಾಂತರದ್ದು, ಆಕಾರ ಎಡಕ್ಕೆ ಬಾಗಿದೆಯೋ ಬಲಕ್ಕೋ, ಇಷ್ಟು ಎರಡು ಮೂರು ವಾಕ್ಯದಲ್ಲಿ ಇರಲಿ, ಜೊತೆಗೆ ಮೂಲ ಅಂಕಿಗಳ ಕೋಷ್ಟಕ ಕೊಡಿ. ತರಗತಿಯಲ್ಲಿ ‘ಇಲ್ಲಿ ನೋಡಿ, ಇದು ಅದಕ್ಕಿಂತ ಹೆಚ್ಚು’ ಎಂಬ ಮಾತು ಬಿಟ್ಟು ‘20ರಿಂದ 30ರ ವರ್ಗದಲ್ಲಿ 14 ಜನ’ ಎಂದು ಹೇಳಿ.

ಫೈಲು ಸಿದ್ಧವಾದ ಮೇಲೆ ಎನ್‌ವಿಡಿಎ ಹಾಕಿಕೊಂಡು, ಪರದೆ ಆರಿಸಿ, ಮೌಸ್ ಮುಟ್ಟದೆ ಹತ್ತು ನಿಮಿಷ ನೀವೇ ಓದಲು ಪ್ರಯತ್ನಿಸಿ. ಎಲ್ಲಿ ದಾರಿ ತಪ್ಪುತ್ತೀರೋ ಅಲ್ಲಿ ತಿದ್ದಿ. ಪ್ರತಿ ವಾರದ ಫೈಲುಗಳು ತರಗತಿಗೆ ಮೂರು ದಿನ ಮುಂಚೆ ಅವರ ಕೈಸೇರಲಿ.